ಹುರುಪೆ ಕದಿಯುವ ಮೀಸೆ ಮೀನು

ಗಲಗಲಿ ಬ್ಯಾರೇಜ್ ಸುದ್ದಿಗೆ ಬರೋದು ಎರಡೇ ಹೊತ್ತಿನಲ್ಲಿ: ಕೃಷ್ಣೆಗೆ ನೀರು ಹೆಚ್ಚಾದಾಗ, ಇಲ್ಲಾ ಕಡಿಮೆಯಾದಾಗ. ಇವತ್ತು ಆ ನೀರೊಳಗಿನ ಮಾತು.

ಕೃಷ್ಣಾ ಕೊಳ್ಳದಲ್ಲಿ ಬೆರಳುದ್ದದ ಒಂದು ಬೆಳ್ಳಿ ಬಣ್ಣದ ಮೀನಿದೆ. ಹೆಸರು ಖವಲ್‌ಚೋರ್. ಮರಾಠಿಯಲ್ಲಿ ಖವಲೆ ಅಂದ್ರೆ ಮೀನಿನ ಹುರುಪೆ, ಇವನು ಹುರುಪೆಗಳ್ಳ! ಬೇರೆ ಮೀನಿನ ಮೈಮೇಲಿನ ಹುರುಪೆ ಕಿತ್ತು ನುಂಗ್ತಾನೆ. ಮೀಸೆ ಮೀನುಗಳ ಜಾತಿಯವನಾದ್ದರಿಂದ ತನ್ನ ಮೈಮೇಲೆ ಮಾತ್ರ ಒಂದೂ ಹುರುಪೆ ಇಲ್ಲ. ಹುರುಪೆಯಲ್ಲಿ ಪ್ರೋಟೀನ್ ಇದೆ, ಕ್ಯಾಲ್ಸಿಯಂ ಇದೆ, ಮೇಲೆ ಲೋಳೆ ಬೇರೆ. ಕಿತ್ತರೆ ಮತ್ತೆ ಬೆಳೆಯುತ್ತೆ. ಅಂದ್ರೆ ಬೇಟೆಯನ್ನ ಕೊಲ್ಲದೇ ಊಟ. ಆಫ್ರಿಕಾದ ಟಾಂಗಾನಿಕಾ ಸರೋವರದಲ್ಲೂ ಇಂಥ ಕಳ್ಳರಿದ್ದಾರೆ. ಅವುಗಳಲ್ಲಿ ಕೆಲವಕ್ಕೆ ಬಾಯಿ ಎಡಕ್ಕೆ ಸೊಟ್ಟ, ಕೆಲವಕ್ಕೆ ಬಲಕ್ಕೆ. ಅವುಗಳ ಮೇಲೆ ಜಗತ್ತೇ ಓದುವಂಥ ಸಂಶೋಧನೆ ಆಗಿದೆ. ನಮ್ಮವನ ಹೆಸರು ನಮಗೇ ಗೊತ್ತಿಲ್ಲ.

ಮೀನುಗಾರಿಕೆ ವಿಜ್ಞಾನಿ ಸಿ.ವಿ. ಕುಲಕರ್ಣಿ 1952ರಲ್ಲಿ ಕೊಲ್ಹಾಪುರದ ಪಂಚಗಂಗೆಯ ಮೀನು ನೋಡಿ ಇದನ್ನ ಹೊಸ ಪ್ರಭೇದ ಅಂತ ಬರೆದರು. ಆಡುಮಾತನ್ನೇ ವೈಜ್ಞಾನಿಕ ಹೆಸರಾಗಿಸಿದರು. ಅದಕ್ಕೂ ಹಿಂದೆ, 1839ರಲ್ಲಿ, ಕರ್ನಲ್ ಸೈಕ್ಸ್ ಕೂಡ ದಖ್ಖನ್ನಿನ ಮೀನುಗಳಿಗೆ ಸೀಂಗಟಿ, ಕುಟುರ್ನಿ, ಟಾಕ್ರಿ ಅಂತ ಊರ ಹೆಸರುಗಳನ್ನೇ ಇಟ್ಟಿದ್ದ. ಬಲೆ ಬೀಸುವವರು ಹೇಳಿದ್ದು ಹಾಗೇ ಲ್ಯಾಟಿನ್ ಪಟ್ಟಿಗೆ ಹೋಯ್ತು ಅನ್ನಿ.

ಆ ಪಂಚಗಂಗೆ ನರಸೋಬಾವಾಡಿಯಲ್ಲಿ ಕೃಷ್ಣೆಗೆ ಸೇರಿ, ಹಿಪ್ಪರಗಿ ದಾಟಿ ಗಲಗಲಿಗೆ ಬರ್ತಾಳೆ. ಆದ್ರೆ ಬರೋ ನೀರು ಈಗ ಹಳೇ ನೀರಲ್ಲ. ಪಂಚಗಂಗೆಯ ಮಾಲಿನ್ಯ ಎಲ್ಲರಿಗೂ ಗೊತ್ತು. ಬ್ಯಾರೇಜ್ ಮೇಲೆ ಬ್ಯಾರೇಜ್, ಕೆಳಗೆ ಆಲಮಟ್ಟಿ ಹಿನ್ನೀರು. ಹರಿಯುವ ನದಿ ನಿಂತ ನೀರಾಗಿದೆ. ನಿಂತ ನೀರಿಗೆ ಕಟ್ಲಾ, ರೋಹು ಮರಿ ಬಿಡ್ತೀವಿ. ಮೀನುಗಾರರ ಹೊಟ್ಟೆಪಾಡಿಗೆ ಅದು ಬೇಕು, ತಪ್ಪೇನಿಲ್ಲ. ಆದ್ರೆ ಬೆರಳುದ್ದದ ಮೀನಿನ ಲೆಕ್ಕ ಯಾರ ಪುಸ್ತಕದಲ್ಲಿದೆ?

ಆಲಮಟ್ಟಿಯ ಮಟ್ಟವನ್ನ 519.60 ಮೀಟರ್‌ನಿಂದ 524.256ಕ್ಕೆ ಏರಿಸಲು 2010ರಲ್ಲೇ ನ್ಯಾಯಮಂಡಳಿ ಒಪ್ಪಿದೆ. ಮುಳುಗುವ ಎಕರೆ, ಪರಿಹಾರ, ಟಿಎಂಸಿ, ಎಲ್ಲಾ ಚರ್ಚೆ ಆಗ್ತಿದೆ, ಆಗಲೇಬೇಕು. ಅದರ ಜೊತೆಗೇ, ನೀರು ಏರೋ ಮುಂಚೆ, ಇಲ್ಲಿ ಯಾವ್ಯಾವ ಮೀನಿದೆ ಅಂತ ದೋಣಿಯವರನ್ನ ಕೂರಿಸ್ಕೊಂಡು ಒಂದು ಪಟ್ಟಿ ಮಾಡೋಕೆ ಎಷ್ಟು ಖರ್ಚಾದೀತು?

ಗಲಗಲಿ, ಜಮಖಂಡಿ, ಬೀಳಗಿ ಕಡೆ ಕೇಳ್ತಿರೋರು ಹೇಳಿ: ಬಲೆಗೆ ಬಿದ್ದ ಮೀನಿನ ಮೈಮೇಲೆ ಹುರುಪೆ ಕಿತ್ತ ಗುರುತು ನೋಡಿದೀರಾ? ಈ ಕಳ್ಳನಿಗೆ ನಿಮ್ಮಲ್ಲಿ ಏನಂತಾರೆ?