ಗಾಜಿನ ಪೆಟ್ಟಿಗೆಯೂ ಚಾಣ ಹಿಡಿದ ಕೈಯೂ

(ಇಂಡಿಯಲ್ಲಿ ಗಿರಣಿ ಕಾರ್ಮಿಕರು ಮತ್ತು ಚಿಕ್ಕ ವ್ಯಾಪಾರಿಗಳು ಕೂಡಿದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರದ ಮಾತು, ತುಟ್ಟಿಯ ಮಾತು ಬಿಟ್ಟು ನಾವು ಇಂದು ವಸ್ತುಸಂಗ್ರಹಾಲಯದ ಮಾತು ಎತ್ತಿದರೆ, ಹೊಟ್ಟೆಗಿಲ್ಲದವರಿಗೆ ಇದೆಲ್ಲ ಯಾಕೆಂದು ನಿಮ್ಮಲ್ಲಿ ಕೆಲವರಾದರೂ ಕೇಳುವಿರಿ. ಇದೂ ಪಗಾರದ ಮಾತೇ. ಸ್ವಲ್ಪ ತಾಳಿರಿ.

ಗೋಳಗುಮ್ಮಟ ನೋಡದವರು ಇಲ್ಲಿ ಯಾರೂ ಇರಲಾರರು. ಅದರ ಮುಂದಿನ ನಗಾರಖಾನೆಯಲ್ಲಿ 1892ರಿಂದ ವಸ್ತುಸಂಗ್ರಹಾಲಯ ನಡೆದಿದೆ. ಶಾಸನದ ಕಲ್ಲುಗಳು, ಜಮಖಾನೆಗಳು, ಚೀನಾದ ಪಿಂಗಾಣಿ, ಆಯುಧಗಳು ಅಲ್ಲಿ ಇವೆ. ಇಂಥ ಸಂಗ್ರಹಾಲಯ ಎಲ್ಲಿಯದೇ ಇರಲಿ, ವಸ್ತುವಿನ ಕೆಳಗಿನ ಚೀಟಿ ಓದಿ ನೋಡಿರಿ. ಯಾವ ಶತಮಾನ, ಯಾವ ಅರಸನ ಕಾಲ, ಯಾವ ಊರು ಎಂದು ಬರೆದಿರುವರು. ಮಾಡಿದವನು ಯಾರು ಎಂಬ ಜಾಗ ಬಹುತೇಕ ಬರಿದೇ ಇರುವುದು.

ಹೆಸರು ಉಳಿಯಲು ಸಾಧ್ಯವಿರಲಿಲ್ಲ ಎಂದು ಹೇಳುವವರು ಶೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ ತೋಪನ್ನು ನೋಡಬೇಕು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು. ತೂಕ ಸುಮಾರು 55 ಟನ್ನು. ಬಾಯಿಯನ್ನು ಸಿಂಹದ ಬಾಯಿಯಂತೆ ಮಾಡಿ, ಅದರ ದವಡೆಯಲ್ಲಿ ಆನೆಯನ್ನು ಸಿಕ್ಕಿಸಿದ್ದಾರೆ. ಎರಕ ಹೊಯ್ದವನು ಮುಹಮ್ಮದ ರೂಮಿ ಎಂದು ತೋಪಿನ ಮೈಮೇಲೆಯೇ ಕೊರೆದಿದೆ. 1686ರಲ್ಲಿ ವಿಜಾಪುರ ಗೆದ್ದ ಔರಂಗಜೇಬನು ಅದೇ ತೋಪಿನ ಮೇಲೆ ತನ್ನ ವಿಜಯವನ್ನೂ ಕೊರೆಯಿಸಿದನು. ಆದರೆ ರೂಮಿಯ ಹೆಸರು ಅಳಿಯಲಿಲ್ಲ. 1854ರಲ್ಲಿ ಇಂಗ್ಲಿಷರ ಆಡಳಿತ ಇದನ್ನು ಹರಾಜಿಗೆ ಹಚ್ಚಿದಾಗ ಬಂದ ಸವಾಲು 150 ರೂಪಾಯಿ! ಆ ಮಾರಾಟ ಮುಂದೆ ರದ್ದಾಯಿತು, ತೋಪು ಉಳಿಯಿತು.

ಕೊಲ್ಲುವ ಸಾಮಾನು ಮಾಡಿದವನ ಹೆಸರು ಉಳಿದಿದೆ. ಬಾಳುವ ಸಾಮಾನು ಮಾಡಿದವರದು? ಅದಕ್ಕೆ ಬೀದರಿಗೆ ಹೋಗೋಣ. 1619ರಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನು ಬೀದರನ್ನು ವಿಜಾಪುರಕ್ಕೆ ಸೇರಿಸಿಕೊಂಡಿದ್ದನು. ಆ ಲೆಕ್ಕದಲ್ಲಿ ಅದು ನಮಗೆ ಪರ ಊರಲ್ಲ.

ಬಿದರಿ ಸಾಮಾನನ್ನು ಅಂಗಡಿಯ ಕಪಾಟಿನಲ್ಲಿ ಕಂಡಿರುವಿರಿ, ಮಾಡುವ ಬಗೆ ಕಂಡವರು ಕಡಿಮೆ. ಸತುವಿಗೆ ಸ್ವಲ್ಪ ತಾಮ್ರ ಕೂಡಿಸಿ ಕರಗಿಸುತ್ತಾರೆ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರ ಹಾಕಿ ನುಣುಪು ಮಾಡುತ್ತಾರೆ. ಬಿಳಿ ಲೋಹದ ಮೇಲೆ ಗೆರೆ ಕಾಣುವುದಿಲ್ಲ, ಆದ್ದರಿಂದ ಮೈಲುತುತ್ತದ ನೀರು ಸವರಿ ತಾತ್ಪೂರ್ತಿಕವಾಗಿ ಕಪ್ಪು ಮಾಡಿಕೊಳ್ಳುತ್ತಾರೆ. ಮೊನಚಾದ ಉಕ್ಕಿನ ಕಡ್ಡಿ ಹಿಡಿದು ಬಳ್ಳಿ, ಹೂವು ಬರೆಯುವುದು ಬರಿಗೈಯಿಂದ. ಆ ಗೆರೆಯ ಮೇಲೆ ಸಣ್ಣ ಚಾಣದಿಂದ ಕೊರೆದು, ತೋಡಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಸುತ್ತಿಗೆಯಿಂದ ಬಡಿದು ಕೂಡಿಸುತ್ತಾರೆ. ಚಾಣ ಕೂದಲೆಳೆಯಷ್ಟು ಜಾರಿದರೂ ದಿನದ ದುಡಿಮೆ ಹಾಳು. ಕಡೆಗೆ ಬೀದರ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದರೆ ಸತುವಿನ ಮೈಯೆಲ್ಲ ಕಾಡಿಗೆಯಂತೆ ಕಪ್ಪಾಗುವುದು. ಬೆಳ್ಳಿಗೆ ಏನೂ ಆಗುವುದಿಲ್ಲ. ಮಳೆ ಬಿಸಿಲು ತಾಗದ ಜಾಗದ ಮಣ್ಣೇ ಬೇಕು. ಒಳ್ಳೆಯದು ಹೌದೋ ಅಲ್ಲವೋ ಎಂದು ನಾಲಿಗೆಯ ಮೇಲಿಟ್ಟು ರುಚಿ ನೋಡಿ ಹೇಳುತ್ತಾರೆ. ಇಂಥ ವಿದ್ಯೆಯನ್ನು ಯಾವ ಸಾಲಿಯಲ್ಲಿ ಕಲಿಸುತ್ತಾರೆ? ಮಾಸ್ತರಿಕೆ ಮಾಡಿ ಬಂದ ನಮಗಂತೂ ಗೊತ್ತಿಲ್ಲ.

ಎರಕದವನು, ಕೊರೆಯುವವನು, ಬೆಳ್ಳಿ ಕೂಡಿಸುವವನು, ಹೀಗೆ ಒಂದು ಪಾತ್ರೆಯಲ್ಲಿ ಹಲವು ಕೈಗಳಿರುವವು. ನಿಮ್ಮ ಗಿರಣಿಯಂತೆಯೇ.

1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾ ಪ್ರದರ್ಶನದಲ್ಲಿ ಈ ಸಾಮಾನು ಇತ್ತು. ಪ್ರದರ್ಶನದ ಬೆನ್ನ ಹಿಂದೆ ಅಲ್ಲಿ ಹುಟ್ಟಿದ ಸಂಗ್ರಹಾಲಯಕ್ಕೆ ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಎಂದು ಹೆಸರು. ಬಿದರಿ ಹುಕ್ಕಾದ ಬುಡಗಳು ಅಲ್ಲಿಯೂ ಇವೆ, ಬ್ರಿಟಿಷ್ ಮ್ಯೂಸಿಯಂನಲ್ಲಿಯೂ ಇವೆ, ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲಿಯೂ ಇವೆ. ಹುಕ್ಕಾ ಸೇದಿದ ನವಾಬನು ಸತ್ತನು, ಹುಕ್ಕಾಕ್ಕೆ ಪಹರೆ ಕೂತಿದೆ. ಬೆಳ್ಳಿ ಬಡಿದವನ ಮೊಮ್ಮಕ್ಕಳಿಗೆ ಬೆಳ್ಳಿ ಯಾವ ದರಕ್ಕೆ ಸಿಗುವುದೆಂದು ಯಾರೂ ಕೇಳುವುದಿಲ್ಲ.

ಚಿಕ್ಕ ವ್ಯಾಪಾರಿಗಳಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ರಿಯ ಮೇಲೆ ಸರಕು ತರುವವನು ಬೆಲೆ ಕಟ್ಟಲಾರನು. ಬೆಳ್ಳಿಯ ಪೇಟೆ ಏರಿದ ದಿನ, ಕೈಯಲ್ಲಿ ರೊಕ್ಕವಿಲ್ಲದ ಕುಶಲಕರ್ಮಿ ಬೆಳ್ಳಿ ಕೊಟ್ಟವನ ಕೂಲಿಯಾಳಾಗುವನು. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಹೆಸರನ್ನು ಕದಿಯುವವರಿಗೆ ಅದರಿಂದ ತಡೆಯಾದೀತು, ಬೆಳ್ಳಿ ಕೊಳ್ಳಲು ಮುಂಗಡ ಸಿಗದು. 2023ರಲ್ಲಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಿತು. ಒಬ್ಬ ಕಾರೀಗರನ ಹೆಸರು ದಿಲ್ಲಿಯವರೆಗೆ ಹೋದದ್ದು ನಮಗೆಲ್ಲ ಸಂತೋಷವೇ.

ಸಂಗ್ರಹಾಲಯಗಳನ್ನು ಮುಚ್ಚಬೇಕೆಂದು ನಾವು ಹೇಳುತ್ತಿಲ್ಲ. ಕೆನಡಾದ ಪಶ್ಚಿಮ ಕಡಲಿನಲ್ಲಿ ಹೈಡಾ ಎಂಬ ಜನ ಇದ್ದಾರೆ. ದೇವದಾರಿನಂಥ ದೊಡ್ಡ ಮರದ ಕಂಬಗಳಲ್ಲಿ ತಮ್ಮ ಕುಲದ ಕಥೆ ಕೆತ್ತುವುದು ಅವರ ವಿದ್ಯೆ. 1862ರಲ್ಲಿ ಬಂದ ಸಿಡುಬು ಊರಿಗೆ ಊರನ್ನೇ ತಿಂದಿತು. ಬರಿದಾದ ಊರುಗಳಿಂದ ಕಂಬಗಳು ದೂರದೂರದ ಸಂಗ್ರಹಾಲಯಗಳಿಗೆ ಹೋದವು. ಅಲ್ಲಿಯೂ ಚೀಟಿಯ ಮೇಲೆ ಬರೀ 'ಹೈಡಾ' ಎಂದೇ ಬರೆದದ್ದು ಬಹಳ. ಮುಂದೆ ಕೆತ್ತನೆಯ ಕೈವಾಡ ಗುರುತಿಸಿ, 1920ರಲ್ಲಿ ತೀರಿಕೊಂಡ ಚಾರ್ಲ್ಸ್ ಈಡನ್‌ಶಾ ಎಂಬ ಮಹಾ ಕಸಬುದಾರನ ಕೆಲಸಗಳಿಗೆ ಅವನ ಹೆಸರು ಹಚ್ಚಿದರು. ಅವನ ವಂಶದ ಬಿಲ್ ರೀಡ್ ಎಂಬವರು ಸಂಗ್ರಹಾಲಯದ ಹಳೆಯ ಕೆಲಸಗಳನ್ನು ನೋಡಿಯೇ ಕೆತ್ತನೆ ಕಲಿತರು. 1969ರಲ್ಲಿ ರಾಬರ್ಟ್ ಡೇವಿಡ್‌ಸನ್ ಎಂಬ ತರುಣನು ತನ್ನ ಊರಿನಲ್ಲಿ ಹೊಸ ಕಂಬ ನಿಲ್ಲಿಸಿದನು. ಆ ಊರು ಹೊಸ ಕಂಬ ಕಾಣದೆ ನೂರು ವರ್ಷಕ್ಕೆ ಸಮೀಪವಾಗಿತ್ತು.

ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು? ಸಂಗ್ರಹಾಲಯದ ಕೋಣೆಗಳಲ್ಲಿ ಕೀಲಿ ಹಾಕಿಟ್ಟ ಹಳೆಯ ಕೆಲಸವನ್ನು ಕಸಬಿನವರ ಮಕ್ಕಳು ಕೈಯಲ್ಲಿ ಹಿಡಿದು ನೋಡುವ ಹಕ್ಕು ಬೇಕು. ಹೆಸರು ಗೊತ್ತಾದಲ್ಲಿ ಹೆಸರು, ಇಲ್ಲದಲ್ಲಿ ಕಸಬಿನವರ ಹೆಸರಾದರೂ ಚೀಟಿಯ ಮೇಲೆ ಕನ್ನಡದಲ್ಲಿ ಬರಬೇಕು. ಎಲ್ಲಕ್ಕಿಂತ ಮೊದಲು, ಬೆಳ್ಳಿ ಮತ್ತು ಸತುವನ್ನು ಕಾರೀಗರರ ಸಹಕಾರಿ ಸಂಘದ ಮೂಲಕ ಮುಂಗಡವಾಗಿ, ಬಡ್ಡಿಯಿಲ್ಲದೆ ಸರಕಾರ ಕೊಡಬೇಕು. ಈ ಬೇಡಿಕೆಗಳ ಮನವಿ ಮೇಜಿನ ಮೇಲೆ ಇದೆ. ಓದಿ ನೋಡಿ, ಸರಿ ಕಂಡವರು ಸಹಿ ಮಾಡಿರಿ. ಸಹಿ ಬಾರದವರ ಹೆಬ್ಬೆಟ್ಟಿಗೆ ಮಸಿಯನ್ನೂ ತಂದಿದ್ದೇವೆ.