ಮೊಲದ ಹೊಟ್ಟೆಯುಬ್ಬರಕ್ಕೆ ದನದ ಮದ್ದು ಸಲ್ಲದು



ಮಕ್ಕಳ ಅಕ್ಕರೆಗೆಂದು ಮನೆಯಲ್ಲಿ ಒಂದೆರಡು ಮೊಲಗಳನ್ನು ಸಾಕುವುದುಂಟು. ಅಂಥ ಮೊಲವೊಂದು ಬೆಳಗ್ಗೆ ಮೇವು ಮುಟ್ಟದೆ, ಹೊಟ್ಟೆ ಉಬ್ಬಿಸಿಕೊಂಡು ಮೂಲೆಯಲ್ಲಿ ಮುದುರಿ ಕುಳಿತರೆ ರೈತನ ಕೈ ಎಣ್ಣೆಯ ಗೊಟ್ಟದತ್ತ ಹೋಗುತ್ತದೆ. ದನಕ್ಕೆ ಮಾಡಿ ರೂಢಿಯಾದ ಉಪಚಾರವದು. ಮೊಲಕ್ಕೆ ಅದೇ ಪ್ರಾಣಾಂತಕವಾಗಬಹುದು.

ದನದ ಮೇವು ಮೊದಲ ಹೊಟ್ಟೆಯಲ್ಲಿ ಹುಳಿಯುತ್ತದೆ. ವಾಯು ತೇಗಿನ ಮೂಲಕ ಹೊರಬೀಳುತ್ತದೆ. ಮೊಲ ಮೆಲುಕು ಹಾಕುವುದಿಲ್ಲ, ವಾಂತಿ ಮಾಡಿಕೊಳ್ಳಲೂ ಅದಕ್ಕೆ ಬಾರದು. ಅದರ ಮೇವು ಹುಳಿಯುವುದು ಸಣ್ಣ ಕರುಳನ್ನು ದಾಟಿದ ಮೇಲೆ, ಕುರುಡು ಕರುಳಿನಲ್ಲಿ. ಜೀರ್ಣಾಂಗದ ಗಾತ್ರದಲ್ಲಿ ಸುಮಾರು ಶೇ. 40 ಭಾಗ ಇದೊಂದೇ. ಅಲ್ಲಿ ತುಂಬಿದ ವಾಯು ಹೊರಹೋಗಬೇಕಾದರೆ ಕರುಳು ಚಲಿಸುತ್ತಿರಬೇಕು. ಅದನ್ನು ಚಲಿಸುವಂತೆ ಮಾಡುವುದು ಹುಲ್ಲಿನ ಒರಟು ನಾರು.

ಪ್ರೀತಿಯಿಂದ ಕೊಡುವ ಬ್ರೆಡ್ಡು, ಬಿಸ್ಕತ್ತು, ಬೆಲ್ಲ, ಹಿಡಿಗಟ್ಟಲೆ ಮುಸುಕಿನ ಜೋಳದಲ್ಲಿ ಆ ನಾರಿಲ್ಲ. ಅರಗದೆ ಉಳಿದ ಪಿಷ್ಟ ಕುರುಡು ಕರುಳನ್ನು ಸೇರಿದಾಗ ಅಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ಅಪಾಯಕಾರಿ ಜೀವಾಣುಗಳು ಹೆಚ್ಚಿ ವಾಯುವನ್ನೂ ವಿಷವನ್ನೂ ಉಂಟುಮಾಡುತ್ತವೆ. ಕೊಯ್ದು ರಾಶಿ ಹಾಕಿ ಒಳಗೇ ಬಿಸಿಯೇರಿದ ಹಸಿ ಮೇವೂ ಕೆಟ್ಟದ್ದೇ. ಬೇಸಿಗೆಯ ಧಗೆ, ನಾಯಿಯ ಹೆದರಿಕೆ, ಬೆಳೆದು ಓರೆಯಾದ ಹಲ್ಲಿನ ನೋವು, ಇವುಗಳಲ್ಲಿ ಯಾವುದರಿಂದ ಮೊಲ ಮೇವು ಬಿಟ್ಟರೂ ಕರುಳು ನಿಲ್ಲುತ್ತದೆ.

ಆದ್ದರಿಂದ ಒಣಹುಲ್ಲು ಹಗಲೂ ರಾತ್ರಿಯೂ ಗೂಡಿನಲ್ಲಿರಬೇಕು. ಹೂ ಬರುವ ಹೊತ್ತಿಗೆ ಹುಲ್ಲನ್ನು ಕೊಯ್ದು, ತೆಳುವಾಗಿ ಹರಡಿ, ಆಗಾಗ ತಿರುವುತ್ತಾ ಕಡ್ಡಿ ಮುರಿದರೆ ಪಟ್ಟೆನ್ನುವವರೆಗೆ ಒಣಗಿಸಬೇಕು. ಬೂಷ್ಟು ಹಿಡಿದದ್ದನ್ನು ಎಸೆಯುವುದೇ ಲೇಸು. ಬೆಳೆದ ಮೊಲಕ್ಕೆ ತಿಂಡಿಗುಳಿಗೆ ಕೊಡುವುದಾದರೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರಬಾರದು. ಮೇವು ಬದಲಿಸುವಾಗ 7ರಿಂದ 10 ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬದಲಿಸಬೇಕು. ನೀರು ಸದಾ ಇರಲಿ.

ಗೂಡಿನ ಕೆಳಗಿನ ಹಿಕ್ಕೆಯನ್ನು ದಿನವೂ ನೋಡುವ ಅಭ್ಯಾಸ ಒಳ್ಳೆಯದು. ದುಂಡಾಗಿ ಒಣಗಿದ ಹಿಕ್ಕೆ ಆರೋಗ್ಯದ ಗುರುತು. ಸಣ್ಣದಾಗುತ್ತಾ, ಕಡಮೆಯಾಗುತ್ತಾ ಬಂದರೆ ಕರುಳು ಮಂದವಾಗುತ್ತಿದೆಯೆಂದು ತಿಳಿಯಬೇಕು. ಮೊಲ ತನ್ನದೇ ಮೆತ್ತನೆಯ ಹಿಕ್ಕೆಯನ್ನು ತಿನ್ನುವುದನ್ನು ಕಂಡು ಕೆಲವರು ಅಸಹ್ಯಪಟ್ಟು ತಪ್ಪಿಸಲು ಹೋಗುತ್ತಾರೆ. ಅದು ರೋಗವಲ್ಲ, ಕುರುಡು ಕರುಳಿನಲ್ಲಿ ತಯಾರಾದ ಪೋಷಕಾಂಶವನ್ನು ಅದು ಹಾಗೆ ಮರಳಿ ಪಡೆಯುತ್ತದೆ. ಅದನ್ನು ತಿನ್ನದೆ ಗೂಡಿನಲ್ಲಿ ಬಿಟ್ಟಿದ್ದರೆ ಮಾತ್ರ ತಿಂಡಿ ಹೆಚ್ಚಾಗಿರಬಹುದೆಂದು ಸಂಶಯಪಡಬೇಕು.

ಹತ್ತು ಹನ್ನೆರಡು ಗಂಟೆ ಮೇವನ್ನೂ ತಿನ್ನದೆ, ಹಿಕ್ಕೆಯನ್ನೂ ಹಾಕದಿದ್ದರೆ ನಾಳೆಯವರೆಗೆ ಕಾಯುವಂತಿಲ್ಲ. ಹಲ್ಲು ಕಡಿಯುತ್ತಿದ್ದರೆ ಅದು ನೋವಿನ ಲಕ್ಷಣ. ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ ಬಾಯಿಗೆ ಏನನ್ನೂ ಒತ್ತಾಯದಿಂದ ಹಾಕಬಾರದು. ಗೊಟ್ಟದ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ದನಕ್ಕೆ ಮಾಡುವಂತೆ ಹೊಟ್ಟೆ ಚುಚ್ಚಿದರೆ ಕರುಳು ತೂತಾಗುತ್ತದೆ. ಮನೆಯಲ್ಲಿ ಉಳಿದಿರುವ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಗುಳಿಗೆಗಳಂತೂ ಬೇಡವೇ ಬೇಡ. ಅವು ಒಳ್ಳೆಯ ಜೀವಾಣುಗಳನ್ನು ಕೊಂದು ಮೊಲವನ್ನೇ ಕೊಲ್ಲಬಲ್ಲವು.

ಮೊಲದ ಮೈಶಾಖ ಸಾಮಾನ್ಯವಾಗಿ 101ರಿಂದ 104 ಡಿಗ್ರಿ ಫ್ಯಾರನ್‌ಹೀಟ್. ಕಿವಿ, ಮೈ ತಣ್ಣಗಾಗಿದ್ದರೆ ಗೋಣಿಚೀಲ ಸುತ್ತಿ ಬೆಚ್ಚಗೆ ಮಾಡಿ ಕೂಡಲೇ ಪಶುವೈದ್ಯರ ಬಳಿಗೆ ಒಯ್ಯಬೇಕು. ಹಿಂದಿನ ಎರಡು ದಿನ ಏನು ತಿಂದಿತ್ತು, ಕೊನೆಯ ಹಿಕ್ಕೆ ಯಾವಾಗ ಬಿತ್ತು ಎಂಬುದನ್ನು ಅವರಿಗೆ ತಿಳಿಸಬೇಕು. ಗೂಡಿನಲ್ಲಿ ಸಿಕ್ಕ ಹಿಕ್ಕೆಯನ್ನು ಕಾಗದದಲ್ಲಿ ಕಟ್ಟಿ ಜೊತೆಗೆ ಒಯ್ದರೆ ಇನ್ನೂ ಅನುಕೂಲ.