ಕಹಿ ಸೊನೆಯ ಕಾವಲು

ಮನೆಯಲ್ಲಿ ಫಿಲ್ಟರ್ ಕಾಫಿ ಮಾಡುವವರಿದ್ದರೆ ಕಾಫಿಪುಡಿಯ ಪೊಟ್ಟಣವನ್ನು ಒಮ್ಮೆ ತಿರುಗಿಸಿ ಓದಿ. ಕಾಫಿ ಇಷ್ಟು, ಚಿಕೋರಿ ಇಷ್ಟು ಎಂದು ಅಚ್ಚು ಹಾಕಿರುತ್ತಾರೆ. ಚಿಕೋರಿ ನೂರಕ್ಕೆ 49 ಪಾಲು ಮೀರಬಾರದು ಎಂಬ ನಿಯಮವೇ ಇದೆ. ಆದರೆ ಇದು ಕಾಫಿಗೆ ಯಾವ ರೀತಿಯಲ್ಲೂ ನೆಂಟನಲ್ಲ. ಗುಜರಾತಿನ ಜಾಮ್‌ನಗರ, ಉತ್ತರ ಪ್ರದೇಶದ ಏಟಾ ಕಡೆ ಬೆಳೆಯುವ ಗಿಡವೊಂದರ ಬೇರನ್ನು ಒಣಗಿಸಿ, ಹುರಿದು ಮಾಡಿದ ಪುಡಿ ಅಷ್ಟೆ.

ನಮಗೆ ಬೇರಿನ ಪರಿಚಯ. ಯುರೋಪಿನವರಿಗೆ ಎಲೆಯ ರುಚಿಯೂ ಗೊತ್ತು. ಇಟಲಿಯ ಟ್ರೆವಿಸೊ, ಕಿಯೋಜ್ಜಾ ಊರುಗಳ ಹೆಸರು ಹೊತ್ತ ಕೆಂಪೆಲೆಯ ರಾಡಿಕ್ಕಿಯೊ ಚಿಕೋರಿಯದೇ ಒಂದು ಬಗೆ. ಎಂಡೀವ್ ಅದರ ದಾಯಾದಿ. ಹಸಿ ಹಸಿಯಾಗಿ ತಿನ್ನುವ ಸೊಪ್ಪುಗಳಾದರೂ ಎಲ್ಲವೂ ಕಹಿಯೇ.

ಆ ಕಹಿ ಎಲ್ಲಿಂದ ಬಂತು? ಚಿಕೋರಿ ಎಲೆಯ ನಡುನರವನ್ನು ಉಗುರಿನಿಂದ ಚಿವುಟಿದರೆ ಎಕ್ಕದ ಗಿಡದಲ್ಲಿ ಒಸರುವಂತೆ ಬೆಳ್ಳನೆ ಸೊನೆ ಒಸರುತ್ತದೆ. ಎಲೆಯಿಂದ ಬೇರಿನ ತುದಿಯವರೆಗೂ ಕಣ್ಣಿಗೆ ಕಾಣದ ಸಣ್ಣ ಕೊಳವೆಗಳಿವೆ. ಅವುಗಳಲ್ಲಿ ಸೊನೆ ಒತ್ತಿ ತುಂಬಿಕೊಂಡಿರುತ್ತದೆ. ಮರಿಹುಳು ಬಾಯಿ ಹಾಕಿದ್ದೇ ತಡ, ಕೊಳವೆ ಹರಿದು ಸೊನೆ ಹೊರನುಗ್ಗುತ್ತದೆ. ಗಾಳಿ ತಾಗಿದಂತೆ ಅಂಟಂಟಾಗುತ್ತದೆ, ಸಣ್ಣ ಹುಳುವಾದರೆ ಅದರ ದವಡೆಯೇ ಮೆತ್ತಿಕೊಳ್ಳುತ್ತದೆ. ಅದರಲ್ಲಿ ಲ್ಯಾಕ್ಟುಸಿನ್, ಲ್ಯಾಕ್ಟುಕೊಪಿಕ್ರಿನ್ ಎಂಬ ಕಹಿ ವಸ್ತುಗಳು ಬೇರೆ ಇವೆ. ಅಗಿದು ತಿನ್ನುವ ಎಷ್ಟೋ ಹುಳುಗಳಿಗೆ ಅಷ್ಟು ಸಾಕು, ಬೇರೆ ಊಟ ಹುಡುಕಿಕೊಂಡು ಹೋಗುತ್ತವೆ.

ಆದರೆ ಸಸ್ಯಹೇನು ಅಗಿಯುವ ಜಾತಿಯದಲ್ಲ. ಅದರ ಮೂತಿ ಕೂದಲಿಗಿಂತ ಸಪೂರ. ಜೀವಕೋಶಗಳ ಸಂದಿಯಲ್ಲಿ ಮೆಲ್ಲಗೆ ದಾರಿ ಮಾಡಿಕೊಂಡು, ಸೊನೆಯ ಕೊಳವೆಗೆ ಪೆಟ್ಟಾಗದಂತೆ, ಸಕ್ಕರೆರಸ ಹರಿಯುವ ನಾಳಕ್ಕೇ ಮೂತಿ ಇಟ್ಟುಬಿಡುತ್ತದೆ. ಕಾವಲುಗಾರನಿಗೆ ಸುದ್ದಿಯೇ ಇಲ್ಲ!

ಶಿಲೀಂಧ್ರಗಳ ಲೆಕ್ಕಾಚಾರ ಇನ್ನೊಂದು ಬಗೆ. ಬಿಳಿ ಕೊಳೆ ರೋಗ ತರುವ ಶಿಲೀಂಧ್ರ ಮಣ್ಣಿನಲ್ಲಿ ಗಟ್ಟಿ ಕಪ್ಪು ಕಾಳುಗಳಾಗಿ ವರ್ಷಗಟ್ಟಲೆ ಬಿದ್ದಿರಬಲ್ಲದು. ತೇವ ಸಿಕ್ಕಿ, ಒಂದು ಎಲೆ ನೆಲಕ್ಕೆ ತಾಗಿಕೊಂಡಿದ್ದರೆ ಆಯಿತು, ಹತ್ತಿಯಂತೆ ಬೆಳ್ಳಗೆ ಹಬ್ಬಿ ಗಿಡದ ಬುಡವನ್ನೇ ಕೊಳೆಸುತ್ತದೆ. ಇಲ್ಲಿ ಗಿಡದ ಆಕಾರವೂ ಒಂದು ರಕ್ಷಣೆ. ಎಲೆಗಳು ನೆಟ್ಟಗೆ ಮೇಲೇಳುವ ತಳಿಯ ಬುಡದಲ್ಲಿ ಗಾಳಿಯಾಡುತ್ತದೆ; ನೆಲಕ್ಕೆ ಚಾಪೆ ಹಾಸಿದಂತೆ ಹರಡುವ ಎಂಡೀವ್‌ಗೆ ಆ ಭಾಗ್ಯವಿಲ್ಲ. ಕಹಿ ಕಡಿಮೆಯಾಗಲಿ, ಒಳಗಿನ ಎಲೆ ಬೆಳ್ಳಗಾಗಲಿ ಎಂದು ರೈತರು ಎಂಡೀವ್ ಗಿಡವನ್ನು ಕಟ್ಟಿ ಮುಚ್ಚುತ್ತಾರೆ. ಒದ್ದೆ ಎಲೆಯನ್ನು ಕಟ್ಟಿದರೋ, ಒಳಗೆ ಕೊಳೆ ಶುರು. ಬೂದಿರೋಗವಂತೂ ತದ್ವಿರುದ್ಧ, ಅದಕ್ಕೆ ಎಲೆಯ ಮೇಲೆ ನೀರೇ ನಿಲ್ಲಬೇಕಿಲ್ಲ. ಎಲ್ಲ ರೋಗಕ್ಕೂ ಒಂದೇ ಮದ್ದು ಎನ್ನುವವರನ್ನು ನಾನಂತೂ ನಂಬುವುದಿಲ್ಲ.

ಹಾಗಾದರೆ ರೋಗ ತಡೆಯುವ ಹೊಸ ತಳಿ ಮಾಡುವುದು ಹೇಗೆ? ಚಿಕೋರಿಯ ನೀಲಿ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಅದು ತನ್ನದೇ ಪರಾಗವನ್ನು ಒಪ್ಪುವುದಿಲ್ಲ. ಬೇರೆ ಗಿಡದ ಪರಾಗವನ್ನು ಜೇನುನೊಣ ತಂದುಕೊಡಬೇಕು. ಹೀಗಾಗಿ ಒಂದೇ ತಾಯಿಯ ಮಕ್ಕಳೂ ಒಂದೊಂದು ಥರ. ರೋಗ ಬಂದ ವರ್ಷ ಹೊಲದಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಉಳಿದುಕೊಳ್ಳುವ ಸಾಧ್ಯತೆ ಇರುತ್ತದೆ, ತಳಿಗಾರರ ಕಣ್ಣು ಅದರ ಮೇಲೆ. ಎಂಡೀವ್ ತನ್ನ ಪರಾಗದಿಂದಲೇ ಬೀಜ ಕಟ್ಟುವುದರಿಂದ ಮಕ್ಕಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ಒಂದು ಗಿಡ ತಡೆಯಲಾರದ ರೋಗ ಉಳಿದವಕ್ಕೂ ಕಷ್ಟವೇ. ಅದೃಷ್ಟಕ್ಕೆ ಎಂಡೀವ್ ಹೂವಿಗೆ ಚಿಕೋರಿಯ ಪರಾಗ ಹಾಕಿದರೆ ಬೀಜವಾಗುತ್ತದೆ, ದಾಯಾದಿಯ ಗುಣವನ್ನು ಕಡ ತರಬಹುದು.

ಹೀಗೆ ಕಡ ತಂದ ಗುಣಕ್ಕೂ ಆಯುಸ್ಸು ಇದೆ. ಬರ್ಗರ್‌ನೊಳಗಿಂದ ಇಣುಕುವ ಲೆಟ್ಯೂಸ್ ಎಲೆಯೂ ಚಿಕೋರಿಯಂತೆ ಸೂರ್ಯಕಾಂತಿ ಕುಟುಂಬದ್ದು. ಅದಕ್ಕೂ ಚಿಕೋರಿ, ಎಂಡೀವ್‌ಗಳಿಗೂ ಕಾಟ ಕೊಡುವ ಸಸ್ಯಹೇನು ಒಂದಿದೆ, ಹೆಸರು ನಸೊನೋವಿಯಾ. ಒಳಗಿನ ಎಲೆಗಳ ಮಡಿಕೆಯಲ್ಲಿ ಸೇರಿಕೊಳ್ಳುವುದರಿಂದ ತೊಳೆದರೂ ಹೋಗುವುದಿಲ್ಲ, ಔಷಧಿಯೂ ತಾಗುವುದಿಲ್ಲ. ವಿಜ್ಞಾನಿಗಳು ಕಾಡು ಲೆಟ್ಯೂಸ್‌ನಿಂದ ಒಂದು ಜೀನ್ ತಂದು ಊರಿನ ಲೆಟ್ಯೂಸ್‌ಗೆ ಸೇರಿಸಿದರು. ಆ ಎಲೆಯ ಮೇಲೆ ಕುಳಿತ ಹೇನಿಗೆ ರಸ ಹೀರಲಾಗದೆ ಉಪವಾಸ. ಕೆಲವು ವರ್ಷ ರೈತರು ನಿಶ್ಚಿಂತೆಯಿಂದಿದ್ದರು. 2007ರಲ್ಲಿ ಯುರೋಪಿನ ಹೊಲಗಳಲ್ಲಿ ಆ ಎಲೆಯನ್ನೂ ಲೀಲಾಜಾಲವಾಗಿ ಹೀರುವ ಹೇನುಗಳು ಕಾಣಿಸಿಕೊಂಡವು.

ಅಂದಿನಿಂದ ಲೆಟ್ಯೂಸ್ ಬೀಜದ ಪೊಟ್ಟಣದ ಮೇಲಿನ ಬರಹ ಚಿಕ್ಕದಾದರೂ ಖಚಿತವಾಗಿದೆ. ‘ಎನ್‌ಆರ್: 0’ (ಎನ್‌ಆರ್ ಎಂದರೆ ಈ ನಸೊನೋವಿಯಾ ಹೇನು) ಎಂದಿದ್ದರೆ ಈ ತಳಿ ಹಳೆಯ ಹೇನನ್ನು ಮಾತ್ರ ತಡೆಯುತ್ತದೆ ಎಂದರ್ಥ. ಹೊಸ ಹೇನಿಗೆ ಕೊಟ್ಟ ಸಂಖ್ಯೆ 1.